ನೀರುಗಂಟಿಯ ನಾಲಿಗೆ

ಚಪ್, ಚಪ್, ಚಪ್. ಎಳೆಗೂಸು ಮೊಲೆ ಜಾರಿ ಮತ್ತೆ ಹುಡುಕುವಾಗ ಆಗುವಂಥ ಸದ್ದು. ಒಂದು ಬಾಯಿಯದಲ್ಲ, ಸಾವಿರಾರು ಬಾಯಿಗಳದ್ದು. ಕೆರೆಯ ಈ ಏರಿಯಿಂದ ಆ ಏರಿಯವರೆಗೂ ಅದೊಂದೇ ಸದ್ದು ಹಬ್ಬಿತ್ತು.

ಕಾವಲು ಗುಡಿಸಲಿನ ಬಿದಿರು ಮಂಚದ ಮೇಲೆ ಮಲಗಿದ್ದ ಗೋಷ್ಠ ನಸ್ಕರ್ ಕಣ್ಣು ಬಿಡದೆಯೇ ಅದನ್ನು ಕೇಳಿಸಿಕೊಂಡ. ಮಳೆ ಇರಬಹುದು ಎಂದುಕೊಳ್ಳಲು ಮನಸ್ಸು ಒಂದು ಗಳಿಗೆ ಹವಣಿಸಿತು. ಮಳೆಯಾಗಿದ್ದರೆ ನೆತ್ತಿಯ ಮೇಲಿನ ತಗಡು ಮೊದಲು ಹೇಳುತ್ತಿತ್ತು. ತಗಡು ಸುಮ್ಮನಿತ್ತು. ಮೀನು ಮೇಲೆ ಬಂದಿವೆ. ನೀರಿನಲ್ಲಿ ಉಸಿರು ಸಿಗದೆ ಗಾಳಿಗೆ ಬಾಯಿ ಒಡ್ಡಿವೆ.

ಕಾಲು ಕೆಳಗಿಟ್ಟು, ಮೊಣಕಾಲಿನ ಮೇಲೆ ಅಂಗೈ ಊರಿ, ಒಂದು ಉಸಿರು ತೆಗೆದುಕೊಂಡು, ಇನ್ನೊಂದಕ್ಕೆ ಕಾದು, ಆಮೇಲೆ ಎದ್ದ. ಈಚೆಗೆ ಏಳುವುದೇ ಒಂದು ಕೆಲಸವಾಗಿತ್ತು. ನಲವತ್ತಾರು ವರ್ಷ ಇದೇ ಕೆರೆಯ ತೂಬು ಎತ್ತಿ ಇಳಿಸಿದ ಮೈ ಅದು. ದಣಿವು ಅನ್ನುವುದು ನಿದ್ದೆಯಲ್ಲಿ ಕರಗಿಹೋಗುತ್ತದೆ ಎಂದು ಅವನು ಬಹಳ ಕಾಲ ನಂಬಿದ್ದ. ಈಗ ಅದು ಬೆಳಿಗ್ಗೆ ಅವನಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು.

ಹೊರಗೆ ಸತತ ಮೂರನೆಯ ದಿನವೂ ಭಾದ್ರಪದದ ಮೋಡ. ಸೂರ್ಯ ಹುಟ್ಟಿದ್ದಾನೋ ಇಲ್ಲವೋ ಹೇಳಲಾಗದ ಬೂದು ಬೆಳಕು. ದೂರದಲ್ಲಿ ಕಲ್ಕತ್ತೆಯ ಎತ್ತರದ ಕಟ್ಟಡಗಳು ಸೊಂಟದವರೆಗೆ ಮಾತ್ರ ಕಾಣುತ್ತಿದ್ದವು. ನೀರಿನ ತುಂಬ ದುಂಡು ಬಾಯಿಗಳು. ಬೆಳ್ಳಿಗೆಂಡೆಗಳು ಎಲ್ಲಕ್ಕಿಂತ ಮೇಲೆ, ಅವುಗಳ ಸಂದಿನಲ್ಲಿ ಕಾಟ್ಲಾ, ರೋಹು. ಹೆಜ್ಜೆ ಸದ್ದಿಗೆ ಚದುರಬೇಕಾಗಿದ್ದ ಮೀನುಗಳು ಚದುರಲಿಲ್ಲ. ಹೆದರುವುದಕ್ಕೂ ಉಸಿರು ಬೇಕು.

"ಟೊಗೊರ್!" ಎಂದು ಕೂಗಿದ. ಕೂಗು ಅರ್ಧದಲ್ಲೇ ಕೆಮ್ಮಾಯಿತು.

ಟೊಗೊರ್ ಅಂತರಗಂಗೆ ಕೀಳುವ ಹೆಂಗಸರ ಮುಂದಾಳು, ನಲವತ್ತರ ವಿಧವೆ. ಆಚೆ ದಡದಲ್ಲಿ ಅವಳು ಆಗಲೇ ಸೀರೆಯನ್ನು ಎತ್ತಿ ಕಟ್ಟುತ್ತಿದ್ದಳು.

"ಕಾಣ್ತಿದೆ ಕಾಕಾ, ಕಾಣ್ತಿದೆ! ಕೂಗಿ ಉಸಿರು ಕಳ್ಕೋಬೇಡ, ಇಲ್ಲಿ ಕಮ್ಮಿ ಬಿದ್ದಿರೋದೇ ಅದು! ನೀನು ಮೊದ್ಲು ತೂಬು ಇಳಿಸು!"

ತೂಬಿನ ಹಲಗೆ ನಾಲ್ಕು ಬೆರಳು ಮೇಲೆದ್ದಿತ್ತು. ಅದರ ಕೆಳಗಿನಿಂದ ಕಾಲುವೆಯ ಕಪ್ಪು ನೀರು, ನಗರ ಮಿಂದು ತೊಳೆದು ಕಳಿಸಿದ ನೀರು, ಸದ್ದಿಲ್ಲದೆ ಒಳಕ್ಕೆ ಜಾರುತ್ತಿತ್ತು. ಗೋಷ್ಠ ಸೊಂಟದಲ್ಲಿ ಸಿಕ್ಕಿಸಿದ್ದ ಕಬ್ಬಿಣದ ಕೊಕ್ಕೆಯನ್ನು ತೆಗೆದು ಹಲಗೆಗೆ ಹಾಕಿ, ಮೈಭಾರವೆಲ್ಲ ಬಿಟ್ಟು ಅದನ್ನು ಕೆಳಗಿಳಿಸಿದ. ಸಂದುಗಳಿಗೆ ಕೈಯಿಂದಲೇ ಜೇಡಿ ಮೆತ್ತಿದ. ಆ ನಾಲ್ಕು ಬೆರಳು ಎತ್ತಿಸಿದವನು ಅವನೇ.

ನಿನ್ನೆ ಮಧ್ಯಾಹ್ನ ಮೀನುಗಾರರ ಸಂಘದ ಕಾರ್ಯದರ್ಶಿ ನಿರಾಪದ ಗಾಯೆನ್ ಇದೇ ಜಾಗದಲ್ಲಿ ಸೈಕಲ್ಲಿಗೆ ಒರಗಿ ಕಾಯುತ್ತ ನಿಂತಿದ್ದ.

"ಕಾಕಾ, ಕಾಲುವೆಗೆ ನೀರು ಬಿಟ್ಟಿದ್ದಾರೆ. ಈ ಸರದಿ ತಪ್ಪಿದ್ರೆ ಇನ್ನೆಂಟು ದಿನ ಇಲ್ಲ. ದುರ್ಗಾಪೂಜೆ ಹೊತ್ತಿಗೆ ಮೀನು ಬಾಚಣಿಗೆ ಥರ ಇದ್ರೆ ವ್ಯಾಪಾರಿಗಳು ಮುಖಕ್ಕೇ ನಗ್ತಾರೆ. ನಾಲಿಗೆ ಏನನ್ನುತ್ತೆ?"

ಅಲ್ಲಿನ ಕೆರೆಗಳಲ್ಲಿ ಕೊನೆಯ ಮಾತು ಯಾವಾಗಲೂ ನಾಲಿಗೆಯದೇ. ಬಿಸಿಲಿದ್ದರೆ ಯೋಚನೆಯಿಲ್ಲ. ಕೊಳೆ ನೀರು ಬಿಟ್ಟರೆ ಬಿಸಿಲಿಗೆ ಪಾಚಿಯ ಹಸಿರು ಕಟ್ಟುತ್ತದೆ, ಹಸಿರನ್ನು ತಿಂದು ಮೀನು ಬೆಳೆಯುತ್ತದೆ. ಮೋಡವಿದ್ದಾಗ ಮಾತ್ರ ಕೆರೆಯ ನೀರು ಹಸಿದಿದೆಯೋ ಹೊಟ್ಟೆ ತುಂಬಿದೆಯೋ ನೋಡಿ ತೂಬು ಎತ್ತಬೇಕು. ಹಸಿದ ನೀರು ಗಂಜಿಯ ತಿಳಿಯಂತೆ ಒಂದಿಷ್ಟು ಸಿಹಿ. ತುಂಬಿದ ನೀರು ಹಿಂದಿನ ಹಲ್ಲುಗಳ ಬಳಿ ತಾಮ್ರ ಇಟ್ಟಂತೆ. ಇದನ್ನು ಕಣ್ಣು ಹೇಳಲಾರದು. ಎರಡೂ ಹಸಿರಾಗಿಯೇ ಇರುತ್ತವೆ.

ಗೋಷ್ಠ ಬಗ್ಗಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದ್ದ. ಎಂದಿನಷ್ಟೇ ಹೊತ್ತು ಮುಚ್ಚಿಕೊಂಡಿದ್ದ. ಏನೂ ಬರಲಿಲ್ಲ. ಪುಷ್ಯದಲ್ಲಿ ಬಂದ ಜ್ವರ ಬಿಟ್ಟಾಗಿನಿಂದ ಏನೂ ಬರುತ್ತಿರಲಿಲ್ಲ. ಮೆಣಸಿನಕಾಯಿ ಬರೀ ಉರಿ, ಬೆಲ್ಲ ಬರೀ ಅಂಟು, ನೀರು ಬರೀ ತಣ್ಣಗೆ. ಯಾರಿಗೂ ಹೇಳಿರಲಿಲ್ಲ. ಕಂಬಗಳಿಗೆ ಕಚ್ಚಿದ ಬಸವನಹುಳು ನೋಡಿ, ಅಂತರಗಂಗೆಯ ಬೇರಿನ ಬಣ್ಣ ನೋಡಿ, ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ ಎಂಟು ತಿಂಗಳು ತೂಬು ಎತ್ತಿದ್ದ. ಬೇಸಿಗೆಯಲ್ಲಿ ಅದು ನಡೆದುಹೋಯಿತು. ಬಿಸಿಲಿದ್ದಾಗ ತಪ್ಪಿಗೂ ಮಾಫಿ ಇರುತ್ತದೆ.

"ಹಸಿದಿದೆ," ಎಂದಿದ್ದ. "ನಾಲ್ಕು ಬೆರಳು ಎತ್ತೋಣ."

ನಿರಾಪದ ಸೈಕಲ್ ಹತ್ತುತ್ತ ನಕ್ಕಿದ್ದ. "ನೀವಿರೋವರೆಗೆ ನನಗೆ ನಿದ್ದೆ ಕಾಕಾ."

ಈಗ ಅದೇ ನಿರಾಪದ ಏರಿಯ ಮೇಲೆ ಓಡಿಬರುತ್ತಿದ್ದ, ಹಿಂದೆ ಇಪ್ಪತ್ತು ಮೂವತ್ತು ಜನ. ಇಂಥ ಬೆಳಗಿನಲ್ಲಿ ಮಾಡುವ ಕೆಲಸ ಅಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ನೀರು ಕಡೆಯುವುದು ಎನ್ನುತ್ತಾರೆ. ಗಂಡಸರು ಎರಡು ದೋಣಿ ಇಳಿಸಿ ಹುಟ್ಟಿನಿಂದ ನೀರನ್ನು ಬಡಿಯುತ್ತ ಸುತ್ತು ಹೊಡೆದರು. ಹೆಂಗಸರು ಅಂತರಗಂಗೆಯ ಕಟ್ಟುಗಳನ್ನು ಹಿಡಿದು ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಿಂತು, ಮಜ್ಜಿಗೆ ಕಡೆಯುವಂತೆ ಎಡಕ್ಕೂ ಬಲಕ್ಕೂ ಕಡೆದರು. ನೀರು ಮೇಲೆ ಹಾರಿ ಬೀಳಬೇಕು. ಬೀಳುವಾಗ ಒಂದಿಷ್ಟು ಗಾಳಿಯನ್ನು ಜೊತೆಗೆ ಒಯ್ಯಬೇಕು. ಬಿಸಿಲು ಬರುವವರೆಗೆ ಅದನ್ನು ಬಿಡುವಂತಿಲ್ಲ.

ನಿರಾಪದ ಪ್ಯಾಂಟು ಕಳಚಿ ಏರಿಯ ಮೇಲೆ ಮಡಿಸಿಟ್ಟು ನೀರಿಗಿಳಿದ.

"ಓಹೋ, ಕಾರ್ಯದರ್ಶಿ ಬಾಬು!" ಟೊಗೊರ್ ಕೂಗಿದಳು. "ಇವತ್ತಿನ ಸಭೆ ಚಡ್ಡಿಯಲ್ಲೇ ಏನು?"

"ಬಾಯಿ ಬಡಿಯೋ ಬದ್ಲು ನೀರು ಬಡಿ!"

"ಎರಡೂ ಬಡೀತೀನಿ. ನನಗೆ ಎರಡು ಕೈಯೂ ಇದೆ, ಒಂದು ಬಾಯಿಯೂ ಇದೆ."

ಗೋಷ್ಠನೂ ಇಳಿದ. ಹತ್ತು ಹೆಜ್ಜೆ ಇಟ್ಟ, ಇಪ್ಪತ್ತು ಇಟ್ಟ. ಕೈಯೆತ್ತಿ ಮೂರು ಸಲ ಬಡಿಯುವಷ್ಟರಲ್ಲಿ ಎದೆಯೊಳಗಿನ ಚೀಲ ಹಿಂಡಿಕೊಂಡಿತು. ಬಾಯಿ ತಾನಾಗಿ ತೆರೆಯಿತು. ಟೊಗೊರ್ ಅವನ ತೋಳಿಗೆ ಕೈ ಹಾಕಿ ದಡಕ್ಕೆ ಎಳೆದುಕೊಂಡು ಬಂದಳು.

"ಮೇಲೆ ಬಂದಿರೋ ಮೀನೇ ಸಾಕಷ್ಟಿವೆ ಕಾಕಾ, ನೀನೊಂದು ಸೇರ್ಕೋಬೇಡ. ಕೂತ್ಕೊ ಇಲ್ಲಿ."

ಕೂತ. ಮಣ್ಣು ಒದ್ದೆಯಾಗಿತ್ತು. ನೋಡುತ್ತ ಕೂರುವುದು ಕಡೆಯುವುದಕ್ಕಿಂತ ಹೆಚ್ಚು ಆಯಾಸ ಎಂದು ಅವನಿಗೆ ಅವತ್ತು ತಿಳಿಯಿತು.

ಅವನಿಗೆ ಈ ಕೆಲಸ ಕಲಿಸಿದವನು ಫೊಟಿಕ್ ಎಂಬ ಮುದುಕ. ಅಪ್ಪನ ಕೈ ಹಿಡಿದು ಗೋಷ್ಠ ಇಲ್ಲಿಗೆ ಬಂದಾಗ ಹದಿನೈದು ವರ್ಷ. ಮೊದಲ ದಿನವೇ ಫೊಟಿಕ್ ಅವನಿಗೆ ಕೆರೆಯ ನೀರು ಕುಡಿಸಿದ್ದ. ವಾಂತಿ ಮಾಡಿಕೊಂಡ ಮೇಲೆ ಬೆನ್ನು ಸವರಿ ಹೇಳಿದ್ದ: "ಈ ಹಸಿರು ಇದೆಯಲ್ಲ, ಹಗಲು ಹೊತ್ತು ಅಮ್ಮ, ರಾತ್ರಿ ಹೊತ್ತು ಅತ್ತೆ. ಬಿಸಿಲು ಕಂಡ್ರೆ ನೀರಿಗೆ ಉಸಿರು ಕೊಡ್ತದೆ. ಬಿಸಿಲು ಹೋಯ್ತೋ, ಕೊಟ್ಟದ್ದನ್ನೇ ಕಿತ್ಕೊಂಡು ತಾನು ಉಸಿರಾಡ್ತದೆ. ಬೈಬೇಡ ಅದನ್ನ. ಅದಕ್ಕೂ ಜೀವ ಇದೆ, ಏನು ಮಾಡೀತು ಪಾಪ."

ಇನ್ನೊಂದು ದಿನ ಬಲೆ ಎಳೆಯುವಾಗ ಹೇಳಿದ್ದ: "ಮೀನು ಅಂದ್ರೆ ಏನು ಅಂದ್ಕೊಂಡೆ? ಬಿಸಿಲೇ ಕಣೋ. ಹಸಿರು ಬಿಸಿಲನ್ನ ನುಂಗಿ ಇಟ್ಕೊಳ್ತದೆ. ಮೀನು ಹಸಿರನ್ನ ನುಂಗ್ತದೆ. ಮೀನನ್ನ ಪಟ್ಟಣದ ಬಾಬುಗಳು ನುಂಗ್ತಾರೆ. ಆ ಬಿಸಿಲಲ್ಲೇ ಅವರು ಟ್ರಾಮ್ ಹಿಡಿಯೋಕೆ ಓಡೋದು. ನಿನ್ನ ಕೈ ಹಗ್ಗ ಎಳೀತಿದೆಯಲ್ಲ, ಅದೂ ಅದೇ ಬಿಸಿಲು. ಒಳಗೆ ಉರೀತಿರ್ತದೆ, ಹೊಗೆ ಕಾಣಲ್ಲ ಅಷ್ಟೆ."

ಗೋಷ್ಠ ಆಗ ತನ್ನ ಕೈ ನೋಡಿಕೊಂಡಿದ್ದ. ಈಗಲೂ ನೋಡಿಕೊಂಡ. ಉಗುರುಗಳ ಸಂದಿನಲ್ಲಿ ಜೇಡಿ. ಉರಿಯಲು ಒಳಗೆ ಎಷ್ಟು ಉಳಿದಿದೆಯೋ.

ಕೆಲವು ವರ್ಷಗಳ ಹಿಂದೆ ಕಾಲೇಜಿನ ಹುಡುಗಿಯೊಬ್ಬಳು ಎರಡು ಗಾಜಿನ ಸೀಸೆ ಹಿಡಿದು ಬಂದಿದ್ದಳು. ಎರಡಕ್ಕೂ ಇದೇ ಕೆರೆಯ ನೀರು ತುಂಬಿ, ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದಕ್ಕೆ ಕಪ್ಪು ಬಟ್ಟೆ ಸುತ್ತಿ ಬಿದಿರಿಗೆ ತೂಗುಬಿಟ್ಟಳು. ಸಂಜೆ ತೆಗೆದು ಏನೇನೋ ಹನಿ ಹಾಕಿ ನೋಡಿದಳು. ಬೆಳಕು ಕಂಡ ಸೀಸೆಯಲ್ಲಿ ಉಸಿರು ಹೆಚ್ಚಿತ್ತು, ಬಟ್ಟೆ ಸುತ್ತಿದ್ದರಲ್ಲಿ ಕಡಿಮೆಯಾಗಿತ್ತು. ಇಷ್ಟು ಹೇಳಲು ಸೀಸೆ ಯಾಕಮ್ಮ, ನನ್ನ ಕೇಳಿದ್ರೆ ಸಾಕಿತ್ತು ಎಂದು ಗೋಷ್ಠ ನಕ್ಕಿದ್ದ. ಅವಳು ಆಗ ಹೇಳಿದ ಮಾತು ಮಾತ್ರ ಅವನಿಗೆ ಹೊಸದು. "ಹಗಲಲ್ಲೂ ಹಸಿರು ಉಸಿರು ತಿಂತಾನೇ ಇರುತ್ತೆ ಕಾಕಾ. ಕೊಡೋದು ಜಾಸ್ತಿ ಇರೋದ್ರಿಂದ ತಿನ್ನೋದು ಗೊತ್ತಾಗಲ್ಲ."

ಮೂರು ದಿನದಿಂದ ಇಡೀ ಕೆರೆಗೆ ಕಪ್ಪು ಬಟ್ಟೆ ಸುತ್ತಿತ್ತು. ಹೊಟ್ಟೆ ತುಂಬಿದ ನೀರಿಗೆ ಅವನು ಮೇಲೆ ನಾಲ್ಕು ಬೆರಳು ಕೊಳೆ ಬಿಟ್ಟಿದ್ದ.

ಮೊದಲ ಬೆಳ್ಳಿಗೆಂಡೆ ಹೊಟ್ಟೆ ಮೇಲಾಗಿ ತೇಲಿ ಅವನ ಕಾಲ ಬಳಿಯೇ ಬಂದು ನಿಂತಿತು. ಯಾವಾಗಲೂ ಮೊದಲು ಹೋಗುವುದು ಅವೇ. ಆಮೇಲೆ ಒಂದೊಂದಾಗಿ ಬಂದವು. ಅವನು ಎಣಿಸಲಿಲ್ಲ. ದೋಣಿಗಳು ಸುತ್ತುತ್ತಲೇ ಇದ್ದವು, ಹೆಂಗಸರ ಮಾತು ನಿಂತಿತ್ತು, ಬಡಿತದ ಸದ್ದು ಮಾತ್ರ ಉಳಿದಿತ್ತು.

ಹತ್ತು ಗಂಟೆ ದಾಟಿದ ಮೇಲೆ ಮೋಡ ಒಂದು ಕಡೆ ತೆಳುವಾಯಿತು. ಮೊದಲು ಏರಿಯ ಹುಲ್ಲಿನ ಮೇಲೆ ನೆರಳು ಮೂಡಿತು, ಗೋಷ್ಠನದೇ ಗೂನು ನೆರಳು. ಬಿಸಿಲು ನೀರಿನ ಮೇಲೆ ನಡೆದುಹೋಗುವುದನ್ನು ಅವನು ನೋಡಿದ. ಮೀನುಗಳು ಆ ಕೂಡಲೇನೂ ಮುಳುಗಲಿಲ್ಲ. ಬಿಸಿಲು ಒಳಗಿಳಿಯಬೇಕು, ಹಸಿರು ಅದನ್ನು ಹಿಡಿಯಬೇಕು, ಹಿಡಿದದ್ದನ್ನು ಕೊಡಬೇಕು. ಬಹಳ ಹೊತ್ತಿನ ಮೇಲೆ, ದಡದ ಪಾಚಿಯ ಎಳೆಗಳ ಮೇಲೆ ಸಾಸಿವೆಯಷ್ಟು ಸಾಸಿವೆಯಷ್ಟು ಗುಳ್ಳೆಗಳು ಕೂತವು. ಒಂದು ಬಿಡಿಸಿಕೊಂಡು ಮೇಲೆ ಹೋಯಿತು. ಇನ್ನೊಂದು ಹೋಯಿತು. ಚಪ್ಪರಿಸುವ ಸದ್ದು ಅಲ್ಲಲ್ಲಿ ನಿಲ್ಲತೊಡಗಿತು. ರೋಹುಗಳು ಮೊದಲು ಕೆಳಗಿಳಿದವು, ಆಮೇಲೆ ಕಾಟ್ಲಾ.

ಟೊಗೊರ್ ನೀರಿನಿಂದ ಎದ್ದು ಬಂದು ಏರಿಯ ಮೇಲೆ ಅಂಗಾತ ಬಿದ್ದುಕೊಂಡಳು. "ಸೂರ್ಯದೇವನಿಗೆ ಇವತ್ತು ಬೆಳಗಾದದ್ದು ಈಗಲಾ! ಯಾರ ಮನೇಲಿ ಮಲಗಿದ್ನೋ!"

ಬುಟ್ಟಿಗಳಲ್ಲಿ ಬೆಳ್ಳಿಗೆಂಡೆ ತುಂಬಿ ತಂದು ಸುರಿಯುತ್ತಿದ್ದರು. ರಾಶಿ ಬಿಸಿಲಿಗೆ ಹೊಳೆಯುತ್ತಿತ್ತು. ಕೆರೆ ಉಳಿದಿತ್ತು. ಬೆಳ್ಳಿಗೆಂಡೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು.

ಗೋಷ್ಠನ ಹೆಂಡತಿ ಪಾರುಲ್ ಅಷ್ಟು ಹೊತ್ತಿಗೆ ಬಂದಳು. ಒಂದು ಕೈಯಲ್ಲಿ ತಂಗಳನ್ನದ ಪಾತ್ರೆ, ಇನ್ನೊಂದರಲ್ಲಿ ಚಹಾದ ಕೆಟಲು. ರಾಶಿಯನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ ನೋಡಿದಳು. ಪಕ್ಕದಲ್ಲಿ ಕೂತು ಮಣ್ಣಿನ ಲೋಟಕ್ಕೆ ಚಹಾ ಬಗ್ಗಿಸಿ ಕೊಟ್ಟಳು. ಅವನು ತಳದವರೆಗೆ ಕುಡಿದು ಮೀಸೆ ಒರೆಸಿಕೊಂಡ.

"ಸಕ್ಕರೆ ಸಾಕಾಯ್ತಾ?"

"ಸಾಕು. ಚೆನ್ನಾಗಿತ್ತು."

"ಉಪ್ಪು ಹಾಕಿದ್ದೆ," ಎಂದಳು ಪಾರುಲ್, ಅವನಿಗೆ ಮಾತ್ರ ಕೇಳುವಷ್ಟು.

ಗೋಷ್ಠ ಲೋಟದೊಳಗೆ ನೋಡಿದ.

"ಫಾಲ್ಗುಣದಲ್ಲಿ ಒಂದ್ಸಲ ಕೈ ತಪ್ಪಿ ಹಾಕಿಬಿಟ್ಟಿದ್ದೆ. ಬೈತೀಯ ಅಂತ ಕಾದೆ. ನೀನು ಚೆನ್ನಾಗಿತ್ತು ಅಂದೆ. ಮಾರನೇ ದಿನ ಬೇಕಂತ್ಲೇ ಹಾಕಿದೆ. ಅವತ್ತೂ ಚೆನ್ನಾಗಿತ್ತು."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಹೇಳ್ಲಿಲ್ಲ?"

ಪಾರುಲ್ ಸೆರಗಿನಿಂದ ಅವನ ಕೈಯ ಜೇಡಿ ಒರೆಸತೊಡಗಿದಳು, ಅದು ಒಣಗಿ ಗಟ್ಟಿಯಾಗಿತ್ತು.

"ಎಂಟು ತಿಂಗಳು," ಎಂದಳು. "ನೀನು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗ್ತಿದ್ದೆ. ನಿನಗೆ ಸುಸ್ತು ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ. ಕೆಲಸದ ಸುಸ್ತಲ್ಲ ಅದು. ಮುಚ್ಚಿಡೋ ಸುಸ್ತು."

ನಿರಾಪದ ಅತ್ತ ಪ್ಯಾಂಟು ಹಾಕಿಕೊಂಡು, ಒದ್ದೆ ಕೈಯನ್ನು ಅಂಗಿಗೆ ಒರೆಸಿ, ಚೀಲದಿಂದ ಕಾಗದ ಪೆನ್ನು ತೆಗೆದಿದ್ದ. ಜನ ಅವನ ಸುತ್ತ ಸೇರಿದ್ದರು. ಚರ್ಮ ಹದ ಮಾಡುವ ಕಾರ್ಖಾನೆಗಳಿಂದ ಕಾಲುವೆಗೆ ಕೆಲವೊಮ್ಮೆ ರಾಸಾಯನಿಕದ ನೀರು ಸೇರುತ್ತಿತ್ತು. ಆ ಕುರಿತ ಜಗಳ ಹಳೆಯದು. ಈ ಸಲ ದೂರು ಕೊಡದೆ ಬಿಡುವುದಿಲ್ಲ ಎಂದು ಅವನು ಹೇಳುತ್ತಿದ್ದ.

"ಕಾಕಾ, ಬನ್ನಿ ಇಲ್ಲಿ. ಕೇಳಿ, ಸರಿಯಾಗಿದೆಯಾ ನೋಡಿ. 'ನಲವತ್ತಾರು ವರ್ಷದ ಅನುಭವವುಳ್ಳ ನೀರುಗಂಟಿ ಗೋಷ್ಠ ನಸ್ಕರ್ ಅವರು ನಿನ್ನೆ ನೀರಿನ ರುಚಿ ನೋಡಿದಾಗ ಅದು ಚೆನ್ನಾಗಿತ್ತು. ಆಮೇಲೆ ಕಾಲುವೆಯಿಂದ ಚರ್ಮದ ವಿಷ ಬಂದು...' ಇಲ್ಲಿ ನಿಮ್ಮ ಹೆಬ್ಬೆಟ್ಟು. ನಾಳೆ ಒಂಬತ್ತಕ್ಕೆ ಮೀನುಗಾರಿಕೆ ಆಫೀಸಿಗೆ ಹೋಗೋಣ. ನಿಮ್ಮ ನಾಲಿಗೆ ಅಂದ್ರೆ ಅಲ್ಲಿ ಸಾಹೇಬರೂ ತಲೆ ಆಡಿಸ್ತಾರೆ."

ಗೋಷ್ಠ ಎದ್ದು ನಿಂತ. ಉಸಿರಿಗೆ ಕಾದ.

"ನೀರು ಹೇಗಿತ್ತು ಅಂತ ನನಗೆ ಗೊತ್ತಿಲ್ಲ ನಿರಾಪದ. ನನ್ನ ನಾಲಿಗೆ ಸತ್ತು ಎಂಟು ತಿಂಗಳಾಯ್ತು. ನಿನ್ನೆ ಬಣ್ಣ ನೋಡಿ ಹೇಳ್ದೆ. ತಪ್ಪು ಹೇಳ್ದೆ."

ಬುಟ್ಟಿ ಹೊತ್ತಿದ್ದವನೊಬ್ಬ ಹಾಗೆಯೇ ನಿಂತ. ನಿರಾಪದ ಹತ್ತಿರ ಬಂದು ದನಿ ತಗ್ಗಿಸಿದ.

"ಕಾಕಾ, ಇದನ್ನ ಇಲ್ಲೇ ಮುಚ್ಚಿಬಿಡಿ. ಕಾಲುವೆಗೆ ಆ ನೀರು ಬರೋದು ಸುಳ್ಳಾ?"

"ಸುಳ್ಳಲ್ಲ. ನಿನ್ನೆ ಬಂತಾ, ಅದು ಗೊತ್ತಿಲ್ಲ."

"ನಿನ್ನೆ ಅಲ್ದಿದ್ರೆ ಮೊನ್ನೆ. ಒಂದು ಹೆಬ್ಬೆಟ್ಟಿಗೆ ಯಾಕೆ ಇಷ್ಟು..."

"ಒತ್ತಿದ್ರೆ, ಮುಂದಿನ ಮೋಡಕ್ಕೆ ನೀನು ಮತ್ತೆ ಇದೇ ನಾಲಿಗೆಯನ್ನ ಕೇಳ್ತೀಯ. ನಾನು ಮತ್ತೆ ಕಣ್ಣು ಮುಚ್ಕೊಂಡು ನಿಲ್ಲಬೇಕು. ನನ್ನಿಂದ ಆಗಲ್ಲ."

ಟೊಗೊರ್ ಎದ್ದು ಕೂತಿದ್ದಳು. ಕೂದಲಿನಿಂದ ಪಾಚಿ ಬಿಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: "ನಿನ್ನೆ ಬೆಳಿಗ್ಗೆ ತಾಮ್ರ ಬರ್ತಿತ್ತು. ಹಿಂದಿನ ಹಲ್ಲಿನ ಹತ್ರ. ನೀರು ತುಂಬ್ಕೊಂಡಿತ್ತು."

ಗೋಷ್ಠ ಅವಳ ಕಡೆ ತಿರುಗಿದ. "ನಿನಗೆ ಹೇಗೆ ಗೊತ್ತು?"

"ಹದಿನೇಳು ವರ್ಷದಿಂದ ಕುತ್ತಿಗೆ ಮಟ್ಟ ನೀರಲ್ಲಿ ನಿಂತು ಗಿಡ ಕೀಳ್ತೀನಿ. ಬಾಯಿಗೆ ಹೋಗದೆ ಇರುತ್ತಾ? ರುಚಿ ನೋಡೋಕೆ ಸಂಘದ ಅಪ್ಪಣೆ ಬೇಕಾ?"

"ಮತ್ತೆ ಹೇಳ್ಬಾರ್ದಿತ್ತಾ!" ನಿರಾಪದ ಕೂಗಿದ.

"ಕಾಕಾ ಹಸಿದಿದೆ ಅಂದ. ಕಾಕಾ ಅಂದ ಮೇಲೆ ನನ್ನ ಬಾಯಿಯೇ ಕೆಟ್ಟಿದೆ ಅಂದ್ಕೊಂಡೆ."

ಬೆಳಗಿನಿಂದ ಕಂಡದ್ದರಲ್ಲಿ ಗೋಷ್ಠನಿಗೆ ಅತಿ ಭಾರವಾದದ್ದು ಈ ಮಾತು. ಮೀನಿನ ರಾಶಿಗಿಂತ ಭಾರ. ಅವನು ತೂಬಿನ ಬಳಿ ಹೋಗಿ ಬೊಗಸೆಯಲ್ಲಿ ನೀರು ತಂದು ಅವಳ ಮುಂದೆ ಹಿಡಿದ. ಅರ್ಧ ಬೆರಳ ಸಂದಿಯಲ್ಲೇ ಸೋರಿತ್ತು.

"ಈಗ ಹೇಳು."

ಟೊಗೊರ್ ಬೆರಳದ್ದಿದಳು. ಕಣ್ಣು ಮುಚ್ಚಲಿಲ್ಲ. ಹುಣಸೆಹಣ್ಣು ಚೀಪಿದವಳಂತೆ ಮುಖ ಹಿಂಡಿದಳು.

"ತಾಮ್ರ ಇನ್ನೂ ಇದೆ. ಅಡಿಯಲ್ಲಿ ಸೀದ ಗಂಜಿ ಥರ. ಎರಡು ಬಿಸಿಲಾಗಬೇಕು, ಮೂರಾದ್ರೂ ಆಗ್ಲಿ. ಅಲ್ಲಿಯವರೆಗೆ ಯಾರಾದ್ರೂ ತೂಬು ಮುಟ್ಟಿದ್ರೆ ಕೈ ಕಡೀತೀನಿ."

"ಚರ್ಮದ ನೀರು?"

"ಇಲ್ಲ. ಅದು ಬಂದ್ರೆ ನಾಲಿಗೆ ತುದಿ ಮರಗಟ್ಟುತ್ತೆ. ಇದು ನಮ್ಮದೇ ತಪ್ಪು."

ಗೋಷ್ಠ ಸೊಂಟದ ಕೊಕ್ಕೆಯನ್ನು ತೆಗೆದ. ಹಿಡಿಯುವಲ್ಲಿ ಅದು ಸವೆದು ಸಣ್ಣಗಾಗಿತ್ತು, ಅರ್ಧ ಫೊಟಿಕ್‌ನ ಕೈ ಸವೆಸಿದ್ದು, ಅರ್ಧ ಅವನದು. ಟೊಗೊರ್‌ಳ ಮಡಿಲಲ್ಲಿ ಇಟ್ಟ. ಅವಳು ಅದನ್ನು ತಕ್ಷಣ ಮುಟ್ಟಲಿಲ್ಲ.

"ಕಾಕಾ, ಇದೇನು ತಮಾಷೆ?" ನಿರಾಪದನ ದನಿಯಲ್ಲಿ ಗಾಬರಿಯಿತ್ತು. "ಹೆಂಗಸು ತೂಬಿಗೆ ಅಂದ್ರೆ ಕಮಿಟಿಯವರು ಒಪ್ತಾರಾ? ರಾತ್ರಿ ಕಾವಲು ಯಾರು ಕಾಯ್ತಾರೆ?"

"ನಿನ್ನ ಹೆಂಡ್ತಿ ಕಳಿಸಿಕೊಟ್ರೆ ನೀನೇ ಕಾಯಿ ಬಾಬು," ಎಂದಳು ಟೊಗೊರ್. ಆದರೆ ಕೊಕ್ಕೆಯ ಮೇಲೆ ಅವಳ ಕೈ ಬಂದು ಕೂತಿತ್ತು.

"ನೀನು ಸುಮ್ನಿರು. ಕಾಕಾ, ಪೂಜೆವರೆಗಾದ್ರೂ ಇರಿ. ರುಚಿ ಇವಳು ನೋಡ್ಲಿ, ಹೇಳೋದು ನೀವು ಹೇಳಿ. ಜನಕ್ಕೆ ನಿಮ್ಮ ಬಾಯಿಂದ ಬಂದ್ರೆ ಒಂದು..."

ಪಾರುಲ್ ಕೆಟಲು, ಪಾತ್ರೆ ಎತ್ತಿಕೊಂಡು ಏರಿಯ ಮೇಲೆ ಮುಂದೆ ಹೊರಟಿದ್ದಳು. ಗೋಷ್ಠ ಹಿಂದೆಯೇ ಹೆಜ್ಜೆ ಹಾಕಿದ. ಬೆನ್ನ ಮೇಲೆ ಬಿಸಿಲು ಬಿದ್ದಿತ್ತು. ಹತ್ತು ಹೆಜ್ಜೆಗೆ ಒಮ್ಮೆ ನಿಂತು ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದ, ಮತ್ತೆ ನಡೆಯುತ್ತಿದ್ದ.

"...ಒಂದು ಗೌರವ ಇರುತ್ತೆ ಅಂತ ಹೇಳಿದೆ ಅಷ್ಟೆ. ಕೋಪ ಮಾಡ್ಕೋಬೇಡಿ. ನಾಳೆ ಒಂಬತ್ತಕ್ಕೆ, ಕಾಕಾ, ಕಾಗದ ಬೇರೆ ಥರ ಬರೆಯೋಣ ಬೇಕಾದ್ರೆ, ಮೋಡದ ವಿಷಯಾನೂ ಸೇರಿಸೋಣ, ಕಾಕಾ, ಕೇಳಿಸ್ತಾ ಇದೆಯಾ, ಕಾಕಾ..."